ಹಿಮನದಿ ಕಣಿವೆಯನ್ನು ಕಡೆಯುವುದು ಹೇಗೆ? ಕೇದಾರಕ್ಕೆ ಹೋಗಿ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಭೂಗೋಳ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಅವ್ವನನ್ನು ಕರೆದುಕೊಂಡು ಕೇದಾರಕ್ಕೆ ಹೋಗಿದ್ದೆ. ಪಂಚಪೀಠಗಳಲ್ಲಿ ಅದೂ ಒಂದು, ಅಲ್ಲಿನ ರಾವಲರು, ಅಂದರೆ ಗುಡಿಯ ಮುಖ್ಯ ಗುರುಗಳು, ಕರ್ನಾಟಕ ಮೂಲದ ವೀರಶೈವರು. ಹಾಗಾಗಿ ನಮ್ಮ ಕಡೆಯಿಂದ ಹೋಗುವವರು ಜಾಸ್ತಿ. ದರ್ಶನ ಮುಗಿಸಿ ಗುಡಿಯ ಹಿಂದೆ ಬಿಸಿಲಿಗೆ ಕುಳಿತಿದ್ದೆವು. ಅವ್ವ ಆ ಗುಡ್ಡದಿಂದ ಈ ಗುಡ್ಡದ ತನಕ ಒಮ್ಮೆ ಕಣ್ಣಾಡಿಸಿ, "ಹೊಳಿ ನೋಡಿದ್ರ ಇಷ್ಟ ಸಣ್ಣದು, ಕಣಿವಿ ನೋಡಿದ್ರ ಇಷ್ಟ ಅಗಲ. ಇದನ್ನ ಯಾರ ಕಡದ್ರಪಾ?" ಎಂದಳು.

ಆಮೇಲೆ ಇದೇ ಪ್ರಶ್ನೆಯನ್ನು ಶಾಲೆಯ ಮಕ್ಕಳು, ಯಾತ್ರೆ ಮುಗಿಸಿ ಬಂದ ಅಕ್ಕಪಕ್ಕದವರು ಬೇರೆ ಬೇರೆ ರೀತಿ ಕೇಳುತ್ತಲೇ ಇದ್ದಾರೆ. ಎಲ್ಲವನ್ನೂ ಇಲ್ಲಿ ಒಂದು ಕಡೆ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆ ಐಸ್‌ಗೆ ಬರ್ಫ ಎನ್ನುತ್ತೇವಲ್ಲ, ಇಲ್ಲೂ ಅದನ್ನೇ ಬಳಸಿದ್ದೇನೆ. ಆಕಾಶದಿಂದ ಹಗುರವಾಗಿ ಉದುರುವುದು ಹಿಮ, ಅದು ಗಟ್ಟಿಯಾದರೆ ಬರ್ಫ.

ಹಿಮನದಿ ಅಂದ್ರೆ ಚಳಿಗೆ ಹೆಪ್ಪುಗಟ್ಟಿದ ನದಿನಾ?

ಅಲ್ಲ. ನದಿಯ ನೀರು ಹೆಪ್ಪುಗಟ್ಟಿದರೆ ಅದು ಹೆಪ್ಪುಗಟ್ಟಿದ ನದಿ ಅಷ್ಟೇ. ಹಿಮನದಿ ಹುಟ್ಟುವುದು ಬೀಳುವ ಹಿಮದಿಂದ. ಬಹಳ ಎತ್ತರದಲ್ಲಿ ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗುವುದಿಲ್ಲ. ಅದರ ಮೇಲೆ ಮರುವರ್ಷದ್ದು ಬೀಳುತ್ತದೆ, ಅದರ ಮೇಲೆ ಇನ್ನೊಂದು ವರ್ಷದ್ದು.

ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಒತ್ತುವುದನ್ನು ನೋಡಿದ್ದರೆ ಮುಂದಿನದು ಸುಲಭ. ಹೊಲದಿಂದ ಬಂದ ಹತ್ತಿ ಟ್ರ್ಯಾಕ್ಟರ್ ತುಂಬ ಉಬ್ಬಿಕೊಂಡಿರುತ್ತದೆ. ಪ್ರೆಸ್‌ನಿಂದ ಹೊರಗೆ ಬಂದ ಬೇಲನ್ನು ಬೆರಳಿನಿಂದ ಒತ್ತಿದರೂ ತಗ್ಗುವುದಿಲ್ಲ. ಹತ್ತಿ ಅದೇ, ಒಳಗಿನ ಗಾಳಿ ಹೋಗಿದೆ. ಹೊಸ ಹಿಮ ಒಂದು ಘನ ಮೀಟರಿಗೆ ಸುಮಾರು 100 ಕಿಲೋ ಇರುತ್ತದೆ. ಮೇಲಿನ ಪದರಗಳ ಭಾರಕ್ಕೆ ಒತ್ತಿ ಒತ್ತಿ ಬರ್ಫ ಆಗುವ ಹೊತ್ತಿಗೆ ಅದೇ ಅಳತೆಯ ತುಂಡು ಸುಮಾರು 900 ಕಿಲೋ ತೂಗುತ್ತದೆ. ಇಷ್ಟು ಗಟ್ಟಿಯಾದ ಬರ್ಫ ತನ್ನ ಭಾರಕ್ಕೆ ತಾನೇ ಇಳಿಜಾರಿನ ಕಡೆ ಜರುಗಲು ಶುರು ಮಾಡಿದಾಗ ಅದು ಹಿಮನದಿ.

ಸಿಯಾಚಿನ್‌ನಲ್ಲಿ ನಮ್ಮ ಹನುಮಂತಪ್ಪ ಕೊಪ್ಪದ ಅವರು ಸಿಲುಕಿದ್ದು ಹಿಮನದಿಯಲ್ಲೇ ಅಲ್ವಾ?

ಹಿಮನದಿಯ ಮೇಲೆ, ಆದರೆ ಹಿಮಕುಸಿತದಲ್ಲಿ. ಎರಡೂ ಬೇರೆ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳದ ಕ್ಲಾಸೇ ಇಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿದ್ದ ಚೌಕಿ ಸುಮಾರು 19,600 ಅಡಿ ಎತ್ತರದಲ್ಲಿತ್ತು. 2016ರ ಫೆಬ್ರವರಿ 3ರಂದು ಮೇಲಿನಿಂದ ಹಿಮ ಬರ್ಫಗಳ ದೊಡ್ಡ ರಾಶಿ ಕಳಚಿ ಬಿದ್ದು ಹತ್ತು ಸೈನಿಕರನ್ನು ಮುಚ್ಚಿತು. ಅದು ಹಿಮಕುಸಿತ, ಕ್ಷಣಗಳಲ್ಲಿ ಆಗಿಹೋಗುವಂಥದ್ದು. ಸೇನೆಯವರು ಬಗೆದು ತೆಗೆದಾಗ ಆರನೇ ದಿನವೂ ಅವರ ಉಸಿರು ಇತ್ತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ನಮ್ಮ ಕಡೆ ಅವರಿಗಾಗಿ ಪೂಜೆ ಮಾಡಿಸದ ಊರಿರಲಿಲ್ಲ.

ಸಿಯಾಚಿನ್ ಹಿಮನದಿ ಮಾತ್ರ ಅವರು ಕಾವಲು ನಿಂತಿದ್ದ ನೆಲ. ಸುಮಾರು 76 ಕಿಲೋಮೀಟರ್ ಉದ್ದ, ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಹಾವೇರಿ ತನಕದ ದಾರಿಯಷ್ಟು. ಅದೂ ಚಲಿಸುತ್ತಿದೆ, ಆದರೆ ನಿಂತು ನೋಡಿದರೆ ಕಾಣುವ ವೇಗದಲ್ಲಲ್ಲ.

ಅಷ್ಟು ಗಟ್ಟಿ ಬರ್ಫ ಹರಿಯುತ್ತದೆ ಅಂತ ಹೇಗೆ ಗೊತ್ತಾಯ್ತು?

ಹಿಮಾಲಯದ ಬಹಳಷ್ಟು ಹಿಮನದಿಗಳು ವರ್ಷಕ್ಕೆ ಕೆಲವು ಹತ್ತು ಮೀಟರ್ ಜರುಗುತ್ತವೆ. ಬರ್ಫದ ಮೇಲೆ ಗೂಟ ನೆಟ್ಟು ವರ್ಷ ಬಿಟ್ಟು ಅಳೆದರೆ ಲೆಕ್ಕ ಸಿಗುತ್ತದೆ. ಆದರೆ ಮಕ್ಕಳಿಗೆ ನಾನು ಗೂಟದ ಕಥೆ ಹೇಳುವುದಿಲ್ಲ, ವಿಮಾನದ ಕಥೆ ಹೇಳುತ್ತೇನೆ.

1966ರ ಜನವರಿ 24ರಂದು ಮುಂಬೈಯಿಂದ ಹೊರಟಿದ್ದ ಏರ್ ಇಂಡಿಯಾ ವಿಮಾನವೊಂದು ಆಲ್ಪ್ಸ್‌ನ ಮೌಂಟ್ ಬ್ಲಾಂಕ್ ಶಿಖರದ ಹತ್ತಿರ ಅಪ್ಪಳಿಸಿತು. ಹೋಮಿ ಭಾಭಾ ಅವರು ತೀರಿಕೊಂಡದ್ದು ಇದರಲ್ಲೇ. ಒಟ್ಟು 117 ಜನ ಹೋದರು. ಚೂರುಚೂರಾದ ವಿಮಾನ, ಸಾಮಾನು ಎಲ್ಲ ಹಿಮದಲ್ಲಿ ಹೂತುಹೋಯಿತು. ಅಲ್ಲಿಂದ ಬೊಸಾನ್ ಎಂಬ ಹಿಮನದಿ ಕೆಳಗಿನ ಕಣಿವೆಗೆ ಇಳಿಯುತ್ತದೆ. 2012ರಲ್ಲಿ ಆ ಹಿಮನದಿಯ ಮೇಲೆ ಒಂದು ಚೀಲ ಸಿಕ್ಕಿತು. ನಮ್ಮ ವಿದೇಶಾಂಗ ಇಲಾಖೆಯ ಟಪಾಲು ಚೀಲ! 2020ರಲ್ಲಿ ಒಂದು ಕಟ್ಟು ಭಾರತದ ಪತ್ರಿಕೆಗಳು ಹೊರಬಂದವು. ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿ ಅವುಗಳ ಮುಖಪುಟದಲ್ಲಿ ಇನ್ನೂ ಓದಲು ಬರುತ್ತಿತ್ತು. ಅವನ್ನು ಯಾರೂ ಹೊತ್ತು ತಂದಿರಲಿಲ್ಲ. ಐವತ್ತು ಚಿಲ್ಲರೆ ವರ್ಷ ಹಿಮನದಿಯೇ ತನ್ನ ಹೊಟ್ಟೆಯಲ್ಲಿಟ್ಟುಕೊಂಡು ತಂದಿತ್ತು.

ಜರುಗುವುದು ಎರಡು ರೀತಿ. ಒಂದು, ಭಾರಕ್ಕೆ ಬರ್ಫದ ಹರಳುಗಳೇ ಒಂದರ ಮೇಲೊಂದು ಸರಿಯುತ್ತವೆ. ಪಾಕ ಬಹಳ ಗಟ್ಟಿಯಾದಾಗ ತಟ್ಟೆಯನ್ನು ಓರೆ ಮಾಡಿದರೆ ನಿಧಾನ ಸರಿಯುತ್ತದಲ್ಲ, ಹಾಗೆ. ಇನ್ನೊಂದು, ತಳದಲ್ಲಿ ಒತ್ತಡಕ್ಕೆ ಮತ್ತು ನೆಲದ ಕಾವಿಗೆ ಬರ್ಫ ಸ್ವಲ್ಪ ಕರಗಿ ತೆಳು ನೀರಿನ ಪದರ ಆಗುತ್ತದೆ. ಅದರ ಮೇಲೆ ಇಡೀ ಹಿಮನದಿ ಜಾರುತ್ತದೆ. ಕಣಿವೆ ಕಡೆಯುವ ಕೆಲಸಕ್ಕೆ ಈ ಎರಡನೆಯದೇ ಮುಖ್ಯ. ತಳ ನೆಲಕ್ಕೆ ಅಂಟಿಕೊಂಡೇ ಇದ್ದರೆ ಉಜ್ಜುವುದು ಹೇಗೆ?

ಬರ್ಫ ಕಲ್ಲಿಗಿಂತ ಮೆತ್ತಗಲ್ವಾ? ಅದು ಬಂಡೆಯನ್ನು ಹೇಗೆ ಕೊರೆಯುತ್ತದೆ?

ಎಲ್ಲರಿಗಿಂತ ಒಳ್ಳೆಯ ಪ್ರಶ್ನೆ ಇದು. ಬರೀ ಬರ್ಫ ಕೊರೆಯುವುದಿಲ್ಲ. ಬರ್ಫದಲ್ಲಿ ಸಿಕ್ಕಿಕೊಂಡ ಕಲ್ಲು ಕೊರೆಯುತ್ತದೆ.

ಮನೆಯಲ್ಲೇ ಮಾಡಿ ನೋಡಿ. ಎರಡು ಸಣ್ಣ ಬಟ್ಟಲು ತಗೊಳ್ಳಿ. ಒಂದರಲ್ಲಿ ಬರೀ ನೀರು, ಇನ್ನೊಂದರ ತಳದಲ್ಲಿ ಒಂದು ಚಮಚ ಉಸುಕು ಹಾಕಿ ನೀರು. ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಎರಡನ್ನೂ ಒಂದು ಬಟ್ಟೆ ಸೋಪಿನ ಮೇಲೆ ಒತ್ತಿ ಎಳೆಯಿರಿ. ಬರೀ ಬರ್ಫ ಜಾರಿಕೊಂಡು ಹೋಗುತ್ತದೆ, ಸೋಪು ಒದ್ದೆಯಾಗುತ್ತದೆ, ಅಷ್ಟೇ. ಉಸುಕಿನ ಬರ್ಫ ಎಳೆದರೆ ಕರಕರ ಎಂದು ಸದ್ದು ಬರುತ್ತದೆ. ಸೋಪಿನ ಮೇಲೆ ಸಾಲು ಸಾಲು ಗೆರೆ ಮೂಡುತ್ತವೆ, ಎಲ್ಲ ಎಳೆದ ದಿಕ್ಕಿಗೇ. ಒಂದು ಸಲ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಆ ಗೆರೆಗಳ ಮೇಲೆ ಉಗುರಾಡಿಸಿ, "ಸರ್, ಕಣ್ಣ ಮುಚ್ಚಿದ್ರೂ ಯಾವ ಕಡೆ ಎಳದೇವಿ ಅಂತ ಗೊತ್ತಾಗ್ತದ" ಎಂದಳು. ಭೂವಿಜ್ಞಾನಿಗಳು ಬಂಡೆಯ ಮೇಲೆ ಮಾಡುವುದೂ ಇದನ್ನೇ. ಗೆರೆ ನೋಡಿ, ಸಾವಿರಾರು ವರ್ಷ ಹಿಂದೆ ಹಿಮನದಿ ಯಾವ ದಿಕ್ಕಿಗೆ ಹೋಯಿತೆಂದು ಹೇಳುತ್ತಾರೆ.

ಒತ್ತುವ ಭಾರ ಎಷ್ಟೆಂದು ಲೆಕ್ಕ ಹಾಕೋಣ. ಬರ್ಫ 300 ಮೀಟರ್ ದಪ್ಪ ಇದ್ದರೆ ತಳದ ಒಂದೊಂದು ಚದರ ಮೀಟರಿನ ಮೇಲೆ ಸುಮಾರು 275 ಟನ್ ಭಾರ. ನಮ್ಮ ಹೈವೇಯಲ್ಲಿ ಓಡುವ ಹತ್ತು ಗಾಲಿಯ ಲಾರಿ ಲೋಡ್ ಸಮೇತ ಸುಮಾರು 28 ಟನ್. ಅಂದರೆ ಒಂದು ಟೀಪಾಯಿಯಷ್ಟು ಜಾಗದ ಮೇಲೆ ಹತ್ತು ಲಾರಿ ಪೇರಿಸಿದ ಹಾಗೆ. ತಳದಲ್ಲಿ ಹರಿಯುವ ನೀರು ಕೆಳಗಿನಿಂದ ಎತ್ತಿ ಹಿಡಿಯುವುದರಿಂದ ಬಂಡೆಗೆ ತಾಗುವ ಭಾರ ಇಷ್ಟು ಪೂರ್ತಿ ಇರುವುದಿಲ್ಲ. ಆದರೂ ಉಜ್ಜಲು ಬೇಕಾದಷ್ಟು ಇರುತ್ತದೆ.

ಉಜ್ಜುವುದು ಒಂದು ಕೆಲಸ, ಕೀಳುವುದು ಇನ್ನೊಂದು. ತಳದ ನೀರು ಬಂಡೆಯ ಬಿರುಕಿಗೆ ಇಳಿಯುತ್ತದೆ. ಮತ್ತೆ ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ ಬಿರುಕನ್ನು ಅಗಲ ಮಾಡುತ್ತದೆ. ಸಡಿಲಾದ ತುಂಡು ಬರ್ಫಕ್ಕೆ ಅಂಟಿಕೊಂಡು ಕಿತ್ತುಬರುತ್ತದೆ. ಕಿತ್ತ ಆ ಕಲ್ಲೇ ಮುಂದೆ ಉಜ್ಜುವ ಹತಾರ. ಹಿಮನದಿ ತನ್ನ ಹತಾರವನ್ನು ದಾರಿಯಲ್ಲೇ ಹುಟ್ಟಿಸಿಕೊಳ್ಳುತ್ತದೆ.

ಹೊಳೆ ಕೊರೆದರೆ ವಿ ಆಕಾರ, ಹಿಮನದಿ ಕೊರೆದರೆ ಯು ಆಕಾರ. ಯಾಕೆ?

ಬೇಡ್ತಿ ಹೊಳೆ ಗೊತ್ತಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆಯ ನೀರೂ ಅದಕ್ಕೇ ಸೇರುತ್ತದೆ. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ನಿಂತು ಕೆಳಗೆ ನೋಡಿದರೆ ಎರಡೂ ಗುಡ್ಡ ಇಳಿಜಾರಾಗಿ ಬಂದು ತಳದಲ್ಲಿ ಕೂಡುತ್ತವೆ. ನೀರು ತಳದಲ್ಲಿ ಒಂದು ಸಣ್ಣ ಪಟ್ಟಿಯಷ್ಟೇ ಹರಿಯುತ್ತದೆ, ಆ ಪಟ್ಟಿಯನ್ನಷ್ಟೇ ಕೊರೆಯುತ್ತದೆ. ಪಕ್ಕದ ಮಣ್ಣು ಮಳೆಗೆ ಜಾರಿ ಇಳಿಜಾರಾಗುತ್ತದೆ. ರಂಟೆ ಹೊಡೆದ ಸಾಲಿನ ಆಕಾರವೇ ಅದು.

ಹಿಮನದಿ ತಳದಲ್ಲಿ ಮಾತ್ರ ಇರುವುದಿಲ್ಲ. ಕಣಿವೆಯ ಈ ಗೋಡೆಯಿಂದ ಆ ಗೋಡೆಯ ತನಕ ತುಂಬಿಕೊಂಡಿರುತ್ತದೆ, ನೂರಾರು ಮೀಟರ್ ದಪ್ಪ. ತಳವನ್ನೂ ಉಜ್ಜುತ್ತದೆ, ಎರಡು ಪಕ್ಕವನ್ನೂ ಉಜ್ಜುತ್ತದೆ. ಹೊಳೆ ಅಡ್ಡ ಬಂದ ಗುಡ್ಡದ ಚಾಚನ್ನು ಬಳಸಿಕೊಂಡು ಹೋಗುತ್ತದೆ. ಹಿಮನದಿಗೆ ಹಾಗೆ ಡೊಂಕು ತಿರುಗಲು ಬರುವುದಿಲ್ಲ, ಚಾಚಿನ ಮೂಗನ್ನೇ ಕತ್ತರಿಸಿ ನೇರ ಹೋಗುತ್ತದೆ. ಬರ್ಫ ಕರಗಿದ ಮೇಲೆ ಉಳಿಯುವುದು ದನ ನೀರು ಕುಡಿಯುವ ಕಲ್ಲುಬಾನಿಯಂಥ ಕಣಿವೆ: ಅಗಲ ತಳ, ಕಡಿದಾದ ಗೋಡೆ, ಉದ್ದಕ್ಕೆ ನೇರ ನೋಟ.

ಇನ್ನೊಂದು ವ್ಯತ್ಯಾಸ ಇದೆ, ನನಗೆ ಇದು ಇನ್ನೂ ದೊಡ್ಡ ಸೋಜಿಗ. ಹೊಳೆ ಸಮುದ್ರ ಮಟ್ಟಕ್ಕಿಂತ ಬಹಳ ಕೆಳಗೆ ಕೊರೆಯಲಾರದು. ಹಿಮನದಿ ಕೊರೆಯುತ್ತದೆ, ಮೇಲಿನ ಭಾರ ತಳ್ಳುತ್ತಿದ್ದರೆ ತಳದಲ್ಲಿ ಏರು ಹತ್ತಿಯೂ ಮುಂದೆ ಹೋಗುತ್ತದೆ. ನಾರ್ವೆಯ ಸೋನ್ ಫ್ಯೋರ್ಡ್ ಹೀಗೆ ಕಡೆದ ಕಣಿವೆ. ಸುಮಾರು 200 ಕಿಲೋಮೀಟರ್ ಉದ್ದ, ಆಳ 1,300 ಮೀಟರ್. ಬರ್ಫ ಹೋದ ಮೇಲೆ ಸಮುದ್ರದ ನೀರು ಒಳಗೆ ಬಂತು. ಈಗ ಅದರಲ್ಲಿ ಹಡಗು ಓಡುತ್ತವೆ.

ಎಷ್ಟು ವರ್ಷ ಬೇಕು?

ಚುರುಕಾಗಿ ಜಾರುವ ಹಿಮನದಿ ವರ್ಷಕ್ಕೆ ಒಂದು ಮಿಲಿಮೀಟರ್ ಬಂಡೆ ಸವೆಸುತ್ತದೆ ಅಂದುಕೊಳ್ಳಿ. ಲಕ್ಷ ವರ್ಷಕ್ಕೆ 100 ಮೀಟರ್ ಆಯಿತು. ಹಿಮಯುಗಗಳು ಒಂದಲ್ಲ, ಹಲವು ಬಂದು ಹೋಗಿವೆ. ಕೊನೆಯದು ಸುಮಾರು 20,000 ವರ್ಷದ ಹಿಂದೆ ಜೋರಾಗಿತ್ತು. ಎಷ್ಟು ನೀರು ಬರ್ಫವಾಗಿ ನೆಲದ ಮೇಲೆ ಕೂತಿತ್ತೆಂದರೆ ಆಗ ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು.

ಹಾಗಾದ್ರೆ ಕೇದಾರದ ಕಣಿವೆಯನ್ನು ಕಡೆದದ್ದು ಯಾರು?

ಈಗ ಅಲ್ಲಿ ಹರಿಯುವ ಮಂದಾಕಿನಿ ಹೊಳೆ ಅಲ್ಲ. ಅವ್ವನಿಗೆ ಅವತ್ತು ಗುಡಿಯ ಹಿಂದೆ ಕೈ ತೋರಿಸಿದೆ. ಅಲ್ಲಿ ಕೆಲವು ಕಿಲೋಮೀಟರ್ ಮೇಲೆ ಚೋರಾಬಾರಿ ಹಿಮನದಿ ಇದೆ. ಈಗ ಅಲ್ಲಿ ನಿಂತಿದೆ, ಆದರೆ ಸುಮಾರು 13,000 ವರ್ಷದ ಹಿಂದೆ ಅದು ಕೇದಾರಕ್ಕೆ ಹತ್ತುವ ದಾರಿಯಲ್ಲಿರುವ ರಾಮಬಾಡದ ತನಕ ಇಳಿದಿತ್ತು. ನಾವು ಕುಳಿತಿದ್ದ ಜಾಗದ ಮೇಲೆ ಆಗ ಇದ್ದದ್ದು ಬರೀ ಬರ್ಫ. ಕಣಿವೆಯನ್ನು ಕಡೆದು ಅದು ಹಿಂದೆ ಸರಿಯಿತು. ಖಾಲಿಯಾದ ದೊಡ್ಡ ಮನೆಯಲ್ಲಿ ಸಣ್ಣ ಹೊಳೆ ಬಾಡಿಗೆಗೆ ಬಂದಿದೆ.

ಇದನ್ನು ನೀವು ಹತ್ತುವಾಗಲೇ ಗಮನಿಸಬಹುದು. ಗೌರಿಕುಂಡದಿಂದ ಹೊರಟಾಗ ಕಣಿವೆ ಇಕ್ಕಟ್ಟು. ಹೊಳೆ ಎಲ್ಲೋ ಆಳದಲ್ಲಿ ಭೋರ್ಗರೆಯುತ್ತದೆ, ಆಕಾಶ ಒಂದು ಪಟ್ಟಿಯಷ್ಟು. ರಾಮಬಾಡ ದಾಟಿ ಏರುತ್ತ ಹೋದಂತೆ ಕಣಿವೆ ಬಾಯಿ ತೆರೆಯುತ್ತದೆ. ಕೊನೆಗೆ ಕೇದಾರದ ಬಯಲು. ಕೆಳಗಿನದು ಹೊಳೆಯ ಕೆಲಸ, ಮೇಲಿನದು ಹಿಮನದಿಯ ಕೆಲಸ. ಒಂದೇ ದಿನದ ನಡಿಗೆಯಲ್ಲಿ ಎರಡೂ ಸಿಗುತ್ತವೆ. ಉಸಿರು ತಿರುಗಿಸಿಕೊಳ್ಳಲು ಹೇಗೂ ನಿಲ್ಲುತ್ತೀರಿ, ಆಗ ಒಮ್ಮೆ ಹಿಂತಿರುಗಿ ನೋಡಿ.

ಗೋಡೆಯ ಅರ್ಧದಿಂದ ಜಲಪಾತ ಬೀಳುವುದು ಯಾಕೆ?

ದೊಡ್ಡ ಹಿಮನದಿಗೆ ಪಕ್ಕದಿಂದ ಸಣ್ಣ ಹಿಮನದಿಗಳು ಸೇರುತ್ತವೆ. ದೊಡ್ಡದು ಆಳ ಕಡೆಯುತ್ತದೆ, ಸಣ್ಣದಕ್ಕೆ ಅಷ್ಟು ಶಕ್ತಿ ಇಲ್ಲ. ಬರ್ಫ ಕರಗಿದ ಮೇಲೆ ಸಣ್ಣ ಕಣಿವೆಯ ಬಾಯಿ ದೊಡ್ಡ ಕಣಿವೆಯ ಗೋಡೆಯಲ್ಲಿ ಮೇಲೆಯೇ ಉಳಿದುಬಿಡುತ್ತದೆ. ಇದಕ್ಕೆ ತೂಗು ಕಣಿವೆ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಯಲ್ಲಿ ಸ್ಟೌಬಾಖ್ ಜಲಪಾತ ಹೀಗೆ ಸುಮಾರು 297 ಮೀಟರ್ ಧುಮುಕುತ್ತದೆ. ನಮ್ಮ ಜೋಗ 253 ಮೀಟರ್. ಜೋಗಕ್ಕೂ ಹಿಮನದಿಗೂ ಮಾತ್ರ ಸಂಬಂಧ ಇಲ್ಲ.

ಶಿವಲಿಂಗ ಶಿಖರ ಅಷ್ಟು ಚೂಪಾಗಿರುವುದು ಹೇಗೆ?

ಗಂಗೋತ್ರಿ ಹಿಮನದಿಯ ಪಕ್ಕ ನಿಂತಿರುವ ಶಿವಲಿಂಗ 6,543 ಮೀಟರ್. ಹಿಮನದಿ ಹುಟ್ಟುವ ಜಾಗದಲ್ಲಿ ಬೆಟ್ಟದ ಮೈಗೆ ಆರಾಮ ಕುರ್ಚಿಯಂಥ ಕುಳಿ ಬೀಳುತ್ತದೆ. ಹಿಂದೆ ಕಡಿದಾದ ಗೋಡೆ, ಕೆಳಗೆ ತಗ್ಗು. ಇದಕ್ಕೆ ಸರ್ಕ್ ಎಂದು ಹೆಸರು. ಒಂದೇ ಬೆಟ್ಟವನ್ನು ಮೂರ್ನಾಲ್ಕು ಕಡೆಯಿಂದ ಇಂಥ ಕುಳಿಗಳು ಹಿಂದೆ ಹಿಂದೆ ತಿನ್ನುತ್ತ ಬಂದರೆ ನಡುವೆ ಉಳಿಯುವುದು ಒಂದು ಕೊಂಬು. ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಕೂಡ ಹೀಗೇ ಆದದ್ದು.

ಅಲ್ಲಿಯ ಹೊಳೆ ನೀರು ಹಾಲಿನ ಹಾಗೆ ಬೆಳ್ಳಗೆ ಇರುತ್ತದಲ್ಲ, ಸುಣ್ಣನಾ?

ಕಲ್ಲಿನ ಹಿಟ್ಟು. ಹಿಮನದಿಯ ತಳ ಬೀಸುವ ಕಲ್ಲಿದ್ದ ಹಾಗೆ. ಬೀಸಿದ ಹಿಟ್ಟು ಎಷ್ಟು ನುಣುಪೆಂದರೆ ನೀರಿನಲ್ಲಿ ಬೇಗ ತಳಕ್ಕೆ ಕೂರುವುದಿಲ್ಲ. ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಅಲುಗಾಡಿಸದೆ ಇಡಿ, ಬೆಳಗ್ಗೆ ತಳದಲ್ಲಿ ಬೂದು ಬಣ್ಣದ ಕೆಸರು ಕಾಣುತ್ತದೆ. ಬೆರಳ ನಡುವೆ ಉಜ್ಜಿದರೆ ಪೌಡರಿನಂತೆ.

ಇದನ್ನೆಲ್ಲ ಮೊದಲು ಕಂಡುಹಿಡಿದವರು ಯಾರು?

ಪುಸ್ತಕಗಳಲ್ಲಿ ಲೂಯಿ ಅಗಾಸಿ ಹೆಸರು ಇರುತ್ತದೆ. 1837ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹಿಮಯುಗದ ಮಾತನ್ನು ವಿದ್ವಾಂಸರ ಮುಂದೆ ಗಟ್ಟಿಯಾಗಿ ಹೇಳಿದವರು ಅವರು. ಆದರೆ ಅವರಿಗಿಂತ ಮೊದಲು ಜಾನ್ ಪಿಯರ್ ಪೆರೊಡಾನ್ ಎಂಬ ಬೇಟೆಗಾರ ಇದ್ದ. ಬಾನ್ಯ ಕಣಿವೆಯವನು, ಗುಡ್ಡಾಡು ಮೇಕೆ ಬೇಟೆಯಾಡಿ ಬದುಕುತ್ತಿದ್ದವನು. ಹಿಮನದಿಯೇ ಇಲ್ಲದ ಕೆಳಗಿನ ಕಣಿವೆಯಲ್ಲೂ ಬಂಡೆಗಳ ಮೇಲೆ ಗೆರೆ ಇವೆ, ಬೇರೆ ಜಾತಿಯ ದೊಡ್ಡ ಕಲ್ಲುಗಳು ಬಿದ್ದಿವೆ ಎಂದು ಗಮನಿಸಿದ್ದ. ಒಂದು ಕಾಲಕ್ಕೆ ಹಿಮನದಿ ಇಲ್ಲಿಯ ತನಕ ತುಂಬಿತ್ತು ಎಂದು 1815ರಲ್ಲಿ ಶಾರ್ಪಾಂಟಿಯೇ ಎಂಬ ಗಣಿ ಅಧಿಕಾರಿಗೆ ಹೇಳಿದ. ಅವರು ಆಗ ನಂಬಲಿಲ್ಲ. ವರ್ಷಗಳ ನಂತರ ಅವರೇ ಒಪ್ಪಿ, ಅಗಾಸಿಯನ್ನೂ ಒಪ್ಪಿಸಿದರು. ನಾನು ಪಾಠ ಮಾಡುವಾಗ ಪೆರೊಡಾನ್ ಹೆಸರನ್ನು ಬೋರ್ಡಿನ ಮೇಲೆ ಮೊದಲು ಬರೆಯುತ್ತೇನೆ.

ನಮ್ಮ ಕಡೆಯೂ ಹಿಮನದಿ ಇತ್ತಾ? ಹಂಪಿಯ ಗುಂಡುಗಳನ್ನು ಅದೇ ತಂದದ್ದಾ?

ಗದಗ, ಕೊಪ್ಪಳ ದಾಟಿ ಹಂಪಿಗೆ ಟ್ರಿಪ್ ಹೋದ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಇಲ್ಲ. ಆ ಗುಂಡುಗಳು ಅಲ್ಲೇ ಹುಟ್ಟಿ ಅಲ್ಲೇ ಇರುವ ಗ್ರಾನೈಟ್. ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳು ಮೊದಲು ಸವೆದವು, ಗುಂಡಗಾದವು, ನಡುವಿನ ಮಣ್ಣು ಕೊಚ್ಚಿಹೋಯಿತು. ಕಪ್ಪತಗುಡ್ಡವೂ ಹಿಮನದಿ ಕಡೆದದ್ದಲ್ಲ. ನಮ್ಮ ಕಡೆಯ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವುಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಹಾಗಾಗಿ ಭೂವಿಜ್ಞಾನ ಓದುವವರಿಗೆಲ್ಲ ನಮ್ಮೂರ ಹೆಸರು ಪರಿಚಯ.

ಆದರೆ ದಕ್ಷಿಣ ಭಾರತದ ಹತ್ತಿರದಲ್ಲೇ ಹಿಮನದಿಯ ಗುರುತು ಇದೆ. ಮಹಾರಾಷ್ಟ್ರದ ಚಂದ್ರಪುರದ ಹತ್ತಿರ ಇರೈ ಹೊಳೆಯ ದಂಡೆಯಲ್ಲಿ ನಯವಾಗಿ ಉಜ್ಜಿದ, ಗೆರೆ ಬಿದ್ದ ಸುಣ್ಣಕಲ್ಲಿನ ಹಾಸು ಇದೆ. ಒಡಿಶಾದ ತಾಲ್ಚೇರ್‌ನಲ್ಲಿ ಹಿಮನದಿ ತಂದು ಸುರಿದ ಗುಂಡುಗಳ ಪದರ ಇದೆ. ಎರಡೂ ಸುಮಾರು 30 ಕೋಟಿ ವರ್ಷ ಹಿಂದಿನವು. ಆಗ ನಮ್ಮ ನೆಲ ದಕ್ಷಿಣ ಧ್ರುವದ ಕಡೆ, ಆಫ್ರಿಕಾ ಅಂಟಾರ್ಟಿಕಾಗಳ ಜೊತೆ ಅಂಟಿಕೊಂಡಿತ್ತು. ವಿದರ್ಭದ ಆ ಬಿಸಿಲಲ್ಲಿ ಹಿಮನದಿಯ ಗೆರೆ!

ಹಿಮನದಿ ತಂದ ಕಲ್ಲು ಮಣ್ಣು ಎಲ್ಲಿ ಹೋಗುತ್ತದೆ? ಅದರಿಂದ ಅಪಾಯ ಇದೆಯಾ?

ಹೊಳೆ ತಂದದ್ದನ್ನು ಆರಿಸಿ ಇಡುತ್ತದೆ. ಗುಂಡು ಒಂದು ಕಡೆ, ಉಸುಕು ಒಂದು ಕಡೆ, ರೇವೆ ಮಣ್ಣು ಇನ್ನೊಂದು ಕಡೆ. ಹಿಮನದಿ ಆರಿಸುವುದಿಲ್ಲ. ಮನೆಯಷ್ಟು ದೊಡ್ಡ ಬಂಡೆ, ಜಲ್ಲಿ, ಹಿಟ್ಟು ಎಲ್ಲ ಕಲಸಿ ಪಕ್ಕಕ್ಕೂ ಮೂತಿಗೂ, ಅಂದರೆ ತನ್ನ ಕೆಳತುದಿಗೂ, ರಾಶಿ ಹಾಕುತ್ತದೆ. ಈ ರಾಶಿಗೆ ಮೊರೇನ್ ಎನ್ನುತ್ತಾರೆ. ಗಾರೆ ಹಾಕದೆ ಸುಮ್ನೆ ಒಟ್ಟಿದ ಒಡ್ಡು ಅದು.

ಹಿಮನದಿ ಕರಗಿ ಹಿಂದೆ ಸರಿದಾಗ ಆ ಒಡ್ಡಿನ ಹಿಂದೆ ನೀರು ನಿಂತು ಕೆರೆಯಾಗುತ್ತದೆ. ಚೋರಾಬಾರಿಯಲ್ಲಿ ಅಂಥದೇ ಒಂದು ಕೆರೆ ಇತ್ತು. 2013ರ ಜೂನ್ 16, 17ರಂದು ಸುರಿದ ಮಳೆಗೆ ಅದರ ಒಡ್ಡು ಒಡೆದು ಕೇದಾರದ ಮೇಲೆ ಬಂತು. ಸಾವಿರಾರು ಜನ ಹೋದರು. ಗುಡಿಯ ಹಿಂದೆ ದೊಡ್ಡ ಬಂಡೆಯೊಂದು ಬಂದು ನಿಂತು ಪ್ರವಾಹವನ್ನು ಇಬ್ಭಾಗ ಮಾಡಿತು, ಗುಡಿ ಉಳಿಯಿತು. ಅದನ್ನೇ ಈಗ ಭೀಮಶಿಲೆ ಎನ್ನುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ದಕ್ಷಿಣ ಲೊನಾಕ್ ಕೆರೆ ಹೀಗೇ ಒಡೆದು ತೀಸ್ತಾದ ಮೇಲಿನ ಒಂದು ದೊಡ್ಡ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. 2021ರ ಫೆಬ್ರವರಿ 7ರ ಚಮೋಲಿ ದುರಂತ ಮಾತ್ರ ಬೇರೆ ತರದ್ದು. ಅಲ್ಲಿ ಕೆರೆ ಒಡೆದದ್ದಲ್ಲ, ರೋಂಟಿ ಶಿಖರದಿಂದ ಬಂಡೆ ಬರ್ಫ ಸಮೇತ ಕಳಚಿ ಬಿದ್ದದ್ದು.

ಇದು ಹೆದರಿಸಲು ಹೇಳುತ್ತಿರುವ ಮಾತಲ್ಲ. ಕೇದಾರದ ಆ ಚಂದದ ಸಮ ಬಯಲು ಹಿಮನದಿ ಮತ್ತು ಅದರ ಹೊಳೆಗಳು ತಂದು ಸುರಿದ ಸಡಿಲ ಕಲ್ಲುಮಣ್ಣಿನದು. ಅದರ ಮೇಲೆ ನಾವು ಪ್ರತಿ ವರ್ಷ ಇನ್ನಷ್ಟು ಲಾಡ್ಜ್ ಕಟ್ಟಿದರೆ ಸಂಕಟ ಬರುವುದು ಯಾತ್ರಿಕರಿಗೂ ಅಲ್ಲಿಯ ಜನರಿಗೂ. ನನ್ನ ಮಟ್ಟಿಗೆ ಹೊಳೆಯಂಚಿನ ರೂಮು ಬೇಡ ಎಂದೇ ಹೇಳುತ್ತೇನೆ. ಮಳೆಗಾಲದಲ್ಲಿ ಹೋಗಲೇಬೇಡಿ, ಮೇ ಕೊನೆಯೊಳಗೆ ಹೋಗಿ ಬನ್ನಿ ಅಥವಾ ದಸರೆ ಹೊತ್ತಿಗೆ ಹೋಗಿ.

ಗೋಮುಖಕ್ಕೂ ಹೋಗಬೇಕು ಅಂತಿದ್ದೇವೆ. ಅಲ್ಲಿ ಏನೇನು ನೋಡಬೇಕು?

ಗೋಮುಖ ಅಂದರೆ ಗಂಗೋತ್ರಿ ಹಿಮನದಿಯ ಮೂತಿ. ಗಂಗೋತ್ರಿ ಊರಿನಿಂದ ಸುಮಾರು 18 ಕಿಲೋಮೀಟರ್ ನಡಿಗೆ. ಅರಣ್ಯ ಇಲಾಖೆಯ ಪರವಾನಗಿ ಬೇಕು, ದಿನಕ್ಕೆ 150 ಜನರಿಗಷ್ಟೇ ಕೊಡುತ್ತಾರೆ. ದಾರಿಯಲ್ಲಿ ಚೀರ್‌ಬಾಸಾ, ಭೋಜ್‌ಬಾಸಾ ಸಿಗುತ್ತವೆ. ನೀವು ನಡೆಯುವ ದಾರಿಯೆಲ್ಲ ಒಂದು ಕಾಲಕ್ಕೆ ಬರ್ಫದ ಕೆಳಗಿತ್ತು. ಆ ಹಿಮನದಿ ಗಂಗೋತ್ರಿ ಊರನ್ನೂ ದಾಟಿ ಕೆಳಗೆ ಝಾಲಾ ತನಕ ಹೋಗಿತ್ತು. ಈಗ ಅದರ ಉದ್ದ ಸುಮಾರು 30 ಕಿಲೋಮೀಟರ್. 1935ರಿಂದ ಅಳೆಯುತ್ತ ಬಂದಿದ್ದಾರೆ, ಕಳೆದ ಶತಮಾನದಲ್ಲಿ ಮೂತಿ ವರ್ಷಕ್ಕೆ ಸರಾಸರಿ 20 ಮೀಟರ್ ಆಸುಪಾಸು ಹಿಂದೆ ಸರಿದಿದೆ.

ಅಲ್ಲಿ ಬೆಳ್ಳನೆಯ ಬರ್ಫ ಹುಡುಕಿದರೆ ನಿರಾಸೆಯಾಗುತ್ತದೆ. ಮೇಲೆಲ್ಲ ಕಲ್ಲು ಮಣ್ಣು ಹೊದ್ದುಕೊಂಡಿರುತ್ತದೆ. ಮುರಿದ ಗೋಡೆಯಲ್ಲಿ ಮಾತ್ರ ಒಳಗಿನ ಬರ್ಫ ಕಾಣುತ್ತದೆ, ನೀಲಿ ಛಾಯೆಯದು. ಒತ್ತಡಕ್ಕೆ ಗಾಳಿಯ ಗುಳ್ಳೆ ಹೋದ ದಪ್ಪ ಬರ್ಫ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಬಿಡುತ್ತದೆ. ದಾರಿ ಪಕ್ಕ ನಯವಾದ ಬಂಡೆ ಸಿಕ್ಕರೆ ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ನೋಡಿ, ಗೆರೆ ಎದ್ದು ಕಾಣುತ್ತವೆ. ಕಾಣದಿದ್ದರೆ ಅಂಗೈ ಆಡಿಸಿ. ಒಂದು ದಿಕ್ಕಿಗೆ ಜಾರುತ್ತದೆ, ಅಡ್ಡಕ್ಕೆ ತಡೆಯುತ್ತದೆ.

ಮೂತಿಯ ಗೋಡೆಯ ಹತ್ತಿರ ಮಾತ್ರ ಹೋಗಬೇಡಿ, ಫೋಟೋಕ್ಕೂ ಬೇಡ, ನೀರು ತುಂಬಿಕೊಳ್ಳಲೂ ಬೇಡ. ಬಿಸಿಲೇರಿದ ಮೇಲೆ ಮೇಲಿನ ಕಲ್ಲುಗಳು ಸಡಿಲಾಗಿ ಉರುಳುತ್ತವೆ, ಕೋಣೆಯಷ್ಟು ದೊಡ್ಡ ಬರ್ಫದ ತುಂಡು ಹೇಳದೆ ಕೇಳದೆ ಕಳಚುತ್ತವೆ. ಗಂಗೆಯ ನೀರು ಭೋಜ್‌ಬಾಸಾದಲ್ಲೂ ಅದೇ ನೀರು. ತಂಬಿಗೆಯನ್ನು ಅಲ್ಲೇ ತುಂಬಿಸಿಕೊಳ್ಳಿ.